ಪಟ್ಟಿಯಕ್ಕ ಏರಿಸಿದ ಗುರಿಗಳು

ಆ ಗಾಜಿನ ಕಾರ್ಖಾನೆಯಲ್ಲಿ ಔಷಧದ ಬಾಟಲಿಗಳನ್ನು ಮಾಡುತ್ತಿದ್ದರು. ಕೆಲಸಗಾರರು ಆರುನೂರ ಹನ್ನೆರಡು ಜನ. ಅವರಲ್ಲಿ ಯಾರು ಯಾವತ್ತು ಸೇರಿದರು, ಯಾರಿಗೆ ಎಷ್ಟು ರಜೆ ಉಳಿದಿದೆ, ಯಾರ ಹೆಂಡತಿಯ ಹೆಸರು ಕಡತದಲ್ಲಿ ತಪ್ಪಾಗಿ ಬಿದ್ದಿದೆ ಎನ್ನುವುದೆಲ್ಲ ಸಿಬ್ಬಂದಿ ವಿಭಾಗದ ಒಬ್ಬ ಹೆಂಗಸಿಗೆ ಬಾಯಿಪಾಠ. ಇಪ್ಪತ್ತೆರಡು ವರ್ಷಗಳಿಂದ, ಮೊದಲು ಕೈಯಲ್ಲಿ, ಆಮೇಲೆ ಟೈಪಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ ಮಾಡಿ ಅವಳ ಸ್ವಂತ ಹೆಸರು ಜನರಿಗೆ ಮರೆತೇಹೋಗಿ, ಪಟ್ಟಿಯಕ್ಕ ಎನ್ನುವುದೇ ನಿಂತುಬಿಟ್ಟಿತ್ತು. ವಯಸ್ಸಿನಲ್ಲಿ ದೊಡ್ಡವರೂ ಹಾಗೆಯೇ ಕರೆಯುತ್ತಿದ್ದರು.

"ನಮ್ಮ ತಲೆ ಮೇಲೆ ಎಷ್ಟು ಕೂದಲಿದೆ ಅನ್ನೋದೂ ಪಟ್ಟಿಯಕ್ಕನ ಹತ್ರ ಇರತ್ತೆ" ಎಂದು ಅಚ್ಚಿನ ಮೇಸ್ತ್ರಿ ತನ್ನ ಬೋಳುತಲೆ ಸವರಿಕೊಂಡು ಎಲ್ಲರನ್ನೂ ನಗಿಸುತ್ತಿದ್ದ.

"ನಿಂದು ಬಿಡಪ್ಪ, ಆ ಪಟ್ಟಿ ಯಾವತ್ತೋ ಮುಗೀತು" ಎನ್ನುತ್ತಿದ್ದಳು ಅವಳು.

ಆ ವರ್ಷದ ಮೊದಲ ತಿಂಗಳಲ್ಲಿ ಕಾರ್ಖಾನೆಗೆ ಹೊಸ ಸಾಫ್ಟ್‌ವೇರ್ ಬಂತು. ಪ್ರತಿಯೊಬ್ಬ ನೌಕರನಿಗೂ ವರ್ಷಕ್ಕೆ ಮೂರೋ ನಾಲ್ಕೋ ಗುರಿ. ಪ್ರತಿ ಗುರಿಗೂ ಒಂದು ತೂಕ. ಎಲ್ಲ ತೂಕ ಸೇರಿ ನೂರು. ಯಾರು ಎಷ್ಟು ಮುಟ್ಟಿದರು ಎಂದು ತಿಂಗಳು ತಿಂಗಳು ಅದೇ ಲೆಕ್ಕ ಹಾಕಿ, ಹಸಿರು, ಹಳದಿ, ಕೆಂಪು ಚುಕ್ಕೆ ಇಟ್ಟು ಅವರವರ ಫೋನಿಗೆ ಕಳಿಸುತ್ತದೆ. ತರಬೇತಿ ಕೊಡಲು ಬಂದವನು ಊಟದ ಕೋಣೆಯಲ್ಲಿ ಪರದೆ ಹಾಕಿ ಒಂದು ಗಂಟೆ ಮಾತಾಡಿದ. ಸತತ ಆರು ತಿಂಗಳು ಕೆಂಪು ಬಂದವರು ಸುಧಾರಣಾ ಪಟ್ಟಿಗೆ ಹೋಗುತ್ತಾರೆ ಎಂದು ಕೊನೆಗೆ ನಗುನಗುತ್ತಲೇ ಹೇಳಿದ. ಆ ಪಟ್ಟಿಗೆ ಹೋದವರು ಅಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಗುರಿಗಳನ್ನು ಒಂದೊಂದಾಗಿ ತುಂಬುತ್ತ ಕೂತರೆ ವರ್ಷವೇ ಮುಗಿದುಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಕಂಪ್ಯೂಟರಿನ ಒಂದೇ ದೊಡ್ಡ ಹಾಳೆಯಲ್ಲಿ ಜೋಡಿಸಿ ಒಟ್ಟಿಗೆ ಸಾಫ್ಟ್‌ವೇರಿಗೆ ಏರಿಸಬೇಕಾಗಿತ್ತು. ಆ ಕೆಲಸ ಪಟ್ಟಿಯಕ್ಕನ ಪಾಲಿಗೆ ಬಂತು. ಶುಕ್ರವಾರ ಸಂಜೆ ಐದಕ್ಕೆ ಗಡುವು.

ಒಬ್ಬೊಬ್ಬ ವಿಭಾಗದ ಮುಖ್ಯಸ್ಥರು ಒಂದೊಂದು ಅವತಾರದಲ್ಲಿ ಹಾಳೆ ಕಳಿಸಿದರು. ಒಬ್ಬರು ಕಾಗದದ ಮೇಲೆ ಗೀಚಿ ಫೋಟೋ ಹೊಡೆದು ಕಳಿಸಿದರು. ಇನ್ನೊಬ್ಬರು ಇಡೀ ಹಾಳೆಗೆ ಬಣ್ಣ ಬಳಿದು ಮದುವೆಮನೆ ಮಾಡಿದ್ದರು. ಮೊದಲ ಸಲ ಏರಿಸಿದಾಗ ಮುನ್ನೂರ ಹದಿನೆಂಟು ದೋಷ. ಕೆಲವರ ದಿನಾಂಕದಲ್ಲಿ ತಿಂಗಳು ಮುಂದೆ ದಿನ ಹಿಂದೆ. ಕೆಲವರ ನೌಕರ ಸಂಖ್ಯೆಯ ಮೊದಲ ಸೊನ್ನೆಯನ್ನು ಕಂಪ್ಯೂಟರೇ ನುಂಗಿಹಾಕಿತ್ತು. ಕೆಲವು ಸಂಖ್ಯೆಗಳ ಹಿಂದೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ; ಅಷ್ಟಕ್ಕೇ 'ಇಂಥ ನೌಕರರಿಲ್ಲ' ಎಂದು ಅದು ತಳ್ಳಿಬಿಡುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಅವಳು ಮೂರು ದಿನ ಆರಿಸಿದಳು. ಮ್ಯಾನೇಜರು ಗಂಟೆಗೊಮ್ಮೆ ಬಾಗಿಲಿಗೆ ಬಂದು "ಆಯ್ತಾ?" ಎಂದು ಕೇಳಿ ಹೋಗುತ್ತಿದ್ದರು. ಅವಳಿಗಿಂತ ಹತ್ತು ವರ್ಷ ಚಿಕ್ಕವರು. ಕೆಟ್ಟವರೇನಲ್ಲ, ಆದರೆ ಅವರ ಮೇಲಿನವರು ಅವರ ಬಾಗಿಲಿಗೂ ಗಂಟೆಗೊಮ್ಮೆ ಬರುತ್ತಿದ್ದರು.

ಬಾಟಲಿ ವಿಭಾಗದ ಹಾಳೆ ಎಲ್ಲಕ್ಕಿಂತ ಕೊನೆಗೆ, ಶುಕ್ರವಾರ ಮಧ್ಯಾಹ್ನ ಬಂತು. ನಲವತ್ತಾರು ಜನ, ತಲೆಗೆ ಮೂರು ಗುರಿ. ಬಾಟಲಿ ಸಾಗುವ ಯಾವ ಬೆಲ್ಟಿನ ಮುಂದೆ ಯಾರು ಕೂರುತ್ತಾರೋ ಆ ಕ್ರಮದಲ್ಲಿ ಬರೆದಿದ್ದರು. ಅವಳು ಅದನ್ನು ನೌಕರ ಸಂಖ್ಯೆಯ ಕ್ರಮಕ್ಕೆ ಜೋಡಿಸಿ ದೊಡ್ಡ ಹಾಳೆಗೆ ಸೇರಿಸಿದಳು. ನಾಲ್ಕೂಮುಕ್ಕಾಲಿಗೆ ಪರದೆಯ ಮೇಲೆ ಬಂತು: ಎರಡು ಸಾವಿರದ ನೂರ ನಲವತ್ತು ಸಾಲು ಸ್ವೀಕೃತ. ದೋಷ ಸೊನ್ನೆ.

"ಶಭಾಷ್ ಅಕ್ಕ" ಎಂದರು ಮ್ಯಾನೇಜರು. ಅವಳು ಕುರ್ಚಿಗೆ ಒರಗಿ ಕಣ್ಣುಜ್ಜಿಕೊಂಡಳು. ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯ ಹೊರಗೂ ಅವಳಿಗೆ ಸಾಲುಗಳೇ ಕಾಣುತ್ತಿದ್ದವು.

ಎರಡು ವಾರ ಕಳೆದ ಮೇಲೆ ದೀಪದಣ್ಣ ಅವಳ ಮೇಜಿನ ಹತ್ತಿರ ಬಂದ.

ದೀಪದಣ್ಣ ಬಾಟಲಿ ಪರೀಕ್ಷಿಸುವವನು. ಕುಲುಮೆಯಿಂದ ಹೊರಬಂದು ಆರಿದ ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಬರುವಾಗ, ಬಿಳಿ ದೀಪದ ಪೆಟ್ಟಿಗೆಯ ಮುಂದೆ ಕೂತು ಅವುಗಳ ಬಾಯಿ, ಕುತ್ತಿಗೆ, ಹೆಗಲು, ತಳ ನೋಡುವುದು ಅವನ ಕೆಲಸ. ಕೂದಲೆಳೆಯಷ್ಟು ಬಿರುಕಿದ್ದರೆ ಒಂದು ಕೋನದಲ್ಲಿ ಮಾತ್ರ ಮಿಂಚುತ್ತದೆ. ಅದು ಕಂಡರೆ ಬಾಟಲಿಯನ್ನೆತ್ತಿ ಪಕ್ಕದ ಡಬ್ಬಕ್ಕೆ ಹಾಕಬೇಕು. ಮೂವತ್ತೊಂದು ವರ್ಷದಿಂದ ಆ ದೀಪದ ಮುಂದೆ ಕೂತವನು ಅವನೇ. ಐವತ್ತೆಂಟಾಗಿತ್ತು. ಕನ್ನಡಕ ಇನ್ನೂ ಬಂದಿರಲಿಲ್ಲ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಇಡೀ ಕಾರ್ಖಾನೆಯಲ್ಲಿ ಅವಳನ್ನು ಅಕ್ಕ ಎನ್ನದೆ ತಂಗಿ ಎಂದು ಕರೆಯುವವನು ಅವನೊಬ್ಬನೇ.

"ತಂಗಿ, ಒಂದು ನಿಮಿಷ ಇದೆಯೇನಮ್ಮ?" ಎಂದ. ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

ಅವತ್ತು ಸಂಬಳದ ತಿದ್ದುಪಡಿಯ ಕೊನೆ ದಿನ. ಮೇಜಿನ ಸುತ್ತ ಆರು ಜನ ನಿಂತಿದ್ದರು. "ಹೇಳಿ ಅಣ್ಣ" ಎಂದಳು, ಕಣ್ಣು ಪರದೆಯ ಮೇಲೇ ಇಟ್ಟು.

"ಇದರಲ್ಲಿ ನನ್ನ ಗುರಿ ಬಂದಿದೆ. ರಿಜೆಕ್ಟ್ ಬಾಟಲಿ ಅರ್ಧಕ್ಕೆ ಇಳಿಸಬೇಕು ಅಂತ ಬರ್ದಿದೆ. ನಲವತ್ತು ತೂಕ. ಇದು ನಂದೇನಾ ಅಂತ."

"ನಿಮ್ಮ ನಂಬರ್ ಕೆಳಗೆ ಬಂದಿದೆ ತಾನೆ?"

"ನಂಬರ್ ನಂದೇ. ಆದ್ರೆ ರಿಜೆಕ್ಟ್ ಮಾಡೋದೇ ನನ್ನ ಕೆಲಸ ಅಲ್ವಾ? ಬಿರುಕು ಬಿಟ್ಟಿದ್ದು ಬಂದ್ರೆ ನಾನೇನು ಮಾಡ್ಲಿ?"

"ಸಿಸ್ಟಮ್‌ನಲ್ಲಿ ಬಂದಿದೆ ಅಂದ್ರೆ ಮೇಲಿನವರು ನೋಡಿಯೇ ಹಾಕಿರ್ತಾರೆ ಅಣ್ಣ. ಸುಮ್ನೆ ಒಪ್ಪಿಗೆ ಒತ್ತಿಬಿಡಿ. ಒತ್ತದೇ ಇದ್ರೆ ಕೆಂಪು ತೋರಿಸತ್ತೆ."

ಅವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಹೆಬ್ಬೆರಳಿನಿಂದ ಒತ್ತಿದ. "ಆಯ್ತಮ್ಮ" ಎಂದು ಹೊರಟುಹೋದ. ಅವಳು ತಲೆ ಎತ್ತಲಿಲ್ಲ.

ಅಷ್ಟೇ ನಡೆದದ್ದು. ಆಮೇಲೆ ಆ ಅರ್ಧ ನಿಮಿಷವನ್ನು ಅವಳು ಎಷ್ಟು ಸಲ ನೆನೆಸಿಕೊಂಡಳೋ ಲೆಕ್ಕವಿಲ್ಲ. ಆದರೆ ಅವತ್ತು ಸಂಜೆಯ ಹೊತ್ತಿಗೆ ಅದು ಅವಳ ನೆನಪಿನಲ್ಲೇ ಇರಲಿಲ್ಲ.

ತಿಂಗಳುಗಳು ಉರುಳಿದವು. ಅರ್ಧವಾರ್ಷಿಕದ ವರದಿ ಬಂದಾಗ ಬಾಟಲಿ ವಿಭಾಗದಲ್ಲಿ ಮೊದಲು ಕೆಂಪಿನಲ್ಲಿದ್ದು ಆಮೇಲೆ ಹಸಿರಿಗೆ ಬಂದವರ ಹೆಸರುಗಳನ್ನು ಮ್ಯಾನೇಜರು ಸಭೆಯಲ್ಲಿ ಓದಿದರು. ದೀಪದಣ್ಣನ ಹೆಸರೂ ಇತ್ತು. ಜನ ಚಪ್ಪಾಳೆ ತಟ್ಟಿದರು. ಅವನು ಹಿಂದಿನ ಸಾಲಿನಲ್ಲಿ ಕೂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಅಣ್ಣ ಇಳಿದುಹೋಗಿದ್ದಾರಲ್ಲ, ಸಕ್ಕರೆ ಕಾಯಿಲೆ ಏನಾದರೂ ಬಂತೇ ಎಂದುಕೊಂಡಳು ಪಟ್ಟಿಯಕ್ಕ. ಕೇಳೋಣ ಎಂದುಕೊಂಡವಳು ಕೇಳಲಿಲ್ಲ.

ಒಂಬತ್ತನೆಯ ತಿಂಗಳಲ್ಲಿ ಒಂದು ಆಸ್ಪತ್ರೆಯಿಂದ ದೂರು ಬಂತು. ಸಿರಿಂಜಿಗೆ ಔಷಧ ಎಳೆಯಲು ನರ್ಸ್ ಒಬ್ಬಳು ಬಾಟಲಿ ಹಿಡಿದಾಗ ಅದು ಕೈಯಲ್ಲೇ ಒಡೆದು, ಅಂಗೈ ಸೀಳಿ ನರ ತುಂಡಾಗಿತ್ತು. ಎರಡು ಬೆರಳು ಮಡಚಲು ಬರುತ್ತಿಲ್ಲ. ಔಷಧ ಕಂಪನಿಯವರು ಅದೇ ಲಾಟಿನಲ್ಲಿ ತಯಾರಾದ ಬಾಟಲಿಗಳನ್ನೆಲ್ಲ ವಾಪಸ್ಸು ಕಳಿಸಿದರು. ತೆಗೆದು ನೋಡಿದರೆ ನೂರಕ್ಕೆ ಮೂರರಲ್ಲಿ ಕುತ್ತಿಗೆಯ ಬಿರುಕು. ಹಿಂದೆ ಹತ್ತು ಸಾವಿರಕ್ಕೆ ಮೂರು ಇದ್ದರೂ ದೊಡ್ಡ ಮಾತಾಗುತ್ತಿದ್ದ ಜಾಗ ಅದು. ಪೆಟ್ಟಿಗೆಗಳ ಮೇಲೆಲ್ಲ ಪರೀಕ್ಷಿಸಿದವರ ಮುದ್ರೆ ಒಂದೇ, ದೀಪದಣ್ಣನದು.

ವಿಚಾರಣೆ ಇಟ್ಟರು. ಕಡತ ಸಿದ್ಧಮಾಡುವ ಕೆಲಸ ಪಟ್ಟಿಯಕ್ಕನದೇ. ಸೇರಿದ ದಿನಾಂಕ, ರಜೆ, ಹಿಂದಿನ ಶಿಸ್ತುಕ್ರಮ ಇಲ್ಲ ಎನ್ನುವ ಪತ್ರ, ಈ ವರ್ಷದ ಗುರಿಗಳ ಪುಟ. ಪುಟ ಪ್ರಿಂಟರಿನಿಂದ ಹೊರಬರುತ್ತಿದ್ದಾಗ ಅವಳ ಕಣ್ಣು ಮೊದಲ ಸಾಲಿಗೆ ಬಿತ್ತು. 'ತಿರಸ್ಕೃತ ಬಾಟಲಿಗಳ ಪ್ರಮಾಣವನ್ನು ಅರ್ಧಕ್ಕೆ ಇಳಿಸುವುದು.' ಕೆಳಗೆ ಎರಡನೆಯದು: 'ಅಚ್ಚುಗಳ ಸ್ವಚ್ಛತೆ, ಪಾಳಿಗೆ ಎರಡು ಸಲ.'

ಅಚ್ಚು! ದೀಪದ ಮುಂದೆ ಕೂರುವವನಿಗೂ ಅಚ್ಚಿಗೂ ಎತ್ತಣಿಂದೆತ್ತ ಸಂಬಂಧ?

ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಕುರ್ಚಿಗೆ ಬಂದು, ಬಾಟಲಿ ವಿಭಾಗದವರು ಜನವರಿಯಲ್ಲಿ ಕಳಿಸಿದ್ದ ಮೂಲ ಹಾಳೆ ತೆರೆದಳು. ನೋಡಲು ಚೆನ್ನಾಗಿರಲಿ ಎಂದು ಆ ಮುಖ್ಯಸ್ಥರು ನೌಕರ ಸಂಖ್ಯೆಗೂ ಗುರಿಗೂ ನಡುವೆ ಒಂದು ಖಾಲಿ ಕಾಲಮ್ ಬಿಟ್ಟಿದ್ದರು, ಬೆರಳಿನಷ್ಟು ಅಗಲದ್ದು. ಅವಳು ಸಂಖ್ಯೆಯ ಕ್ರಮಕ್ಕೆ ಜೋಡಿಸಿದಾಗ ಎಡಗಡೆಯ ಸಂಖ್ಯೆಗಳಷ್ಟೇ ಮೇಲೆಕೆಳಗಾಗಿದ್ದವು. ಖಾಲಿ ಕಾಲಮ್ಮಿನ ಆಚೆಗಿದ್ದ ಗುರಿಗಳು ಇದ್ದಲ್ಲೇ ಕೂತಿದ್ದವು. ಆ ವಿಭಾಗದಲ್ಲಿ ಪ್ರತಿಯೊಬ್ಬರಿಗೂ ಮೂರೇ ಗುರಿ, ತೂಕ ನಲವತ್ತು, ಮೂವತ್ತು, ಮೂವತ್ತು. ಯಾರ ಗುರಿ ಯಾರಿಗೆ ಹೋದರೂ ಮೊತ್ತ ನೂರೇ. ಸಾಫ್ಟ್‌ವೇರ್ ಮೊತ್ತ ನೋಡಿತು, ಸರಿ ಎಂದಿತು. ನಲವತ್ತಾರು ಜನ ಇನ್ನೊಬ್ಬರ ಗುರಿ ಹೊತ್ತುಕೊಂಡು ಒಂಬತ್ತು ತಿಂಗಳು ಓಡಾಡಿದ್ದರು.

ತಿರಸ್ಕೃತ ಬಾಟಲಿ ಇಳಿಸುವ ಗುರಿ ಅಚ್ಚಿನ ಮೇಸ್ತ್ರಿಯದಾಗಿತ್ತು. ದೀಪದಣ್ಣನ ಸ್ವಂತ ಮೊದಲ ಗುರಿ ಮೂಲ ಹಾಳೆಯಲ್ಲಿ ಹೀಗಿತ್ತು: 'ಬಿರುಕಿನ ಒಂದು ಬಾಟಲಿಯೂ ಹೊರಹೋಗದಂತೆ ನೋಡಿಕೊಳ್ಳುವುದು.'

ಅವಳು ಎದ್ದು ಸೀದಾ ಕುಲುಮೆಯ ಕಡೆಗೆ ಹೋದಳು. ಅಚ್ಚಿನ ಮೇಸ್ತ್ರಿ ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ.

"ಮೇಸ್ತ್ರಿ, ನಿನ್ನ ಫೋನಲ್ಲಿ ಗುರಿ ಅಂತ ಏನು ಬಂದಿದೆ ತೋರ್ಸು."

"ಅಯ್ಯೋ ಅದಾ? ಪ್ರಥಮ ಚಿಕಿತ್ಸೆ ಪೆಟ್ಟಿಗೇಲಿ ಹತ್ತಿ ಖಾಲಿಯಾಗದ ಹಾಗೆ ನೋಡ್ಕೋಬೇಕಂತೆ." ಅವನು ಹೋ ಎಂದು ನಕ್ಕ. "ಬಂದ ದಿನಾನೇ ನೋಡಿ ನಕ್ಕಿದ್ದೆ. ಒಪ್ಪಿಗೆ ಒತ್ತಿ ಜೇಬಿಗೆ ಹಾಕಿದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಈ ಕಂಪನೀಲಿ ಹೊಸದಾ?"

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ರಿ? ಸಿಸ್ಟಮ್‌ನಲ್ಲಿ ಬಂದಿದೆ ಅಂತಿದ್ರಿ." ಅವನು ತಮಾಷೆಗೇ ಹೇಳಿದ್ದ. ಅವಳ ಮುಖ ನೋಡಿ ನಗು ನಿಲ್ಲಿಸಿದ. "ಯಾಕಕ್ಕ, ಏನಾಯ್ತು?"

ಅವಳು ಅಷ್ಟರಲ್ಲೇ ವಾಪಸ್ಸು ಹೊರಟಿದ್ದಳು.

ಕೂಡಲೇ ಹೋಗಿ ಎಲ್ಲ ಹೇಳಿಬಿಟ್ಟಳು ಎಂದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಅವಳು ಹೇಳಲಿಲ್ಲ. ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡಳು. ನಾಲ್ಕನೆಯ ದಿನ ಬೆಳಿಗ್ಗೆ ಗಂಡನ ಮುಂದೆ ಬಾಯಿ ಬಿಟ್ಟಳು. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ. ವಯಸ್ಸಾಗುತ್ತ ಸೂಜಿಗೆ ದಾರ ಪೋಣಿಸಲೂ ಅವಳೇ ಬೇಕಾಗಿತ್ತು. ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ. ಅದು ಇಬ್ಬರಿಗೂ ಗೊತ್ತಿದ್ದದ್ದರಿಂದ ಯಾರೂ ಆಡುತ್ತಿರಲಿಲ್ಲ.

ಅವನು ಎಲ್ಲ ಕೇಳಿ ಮಷೀನಿನ ಪೆಡಲಿನಿಂದ ಕಾಲು ತೆಗೆದ. "ಅವರು ಬಂದು ಕೇಳಿದ್ರಾ, ಇದು ನಂದಾ ಅಂತ?"

"ಕೇಳಿದ್ರು."

"ನೀನು?"

"ನೋಡ್ಲಿಲ್ಲ. ಒತ್ತಿಬಿಡಿ ಅಂದೆ."

"ಅಳತೆ ತಪ್ಪಿದ್ರೆ ಬಿಚ್ಚಿ ಹೊಲೀಬಹುದು" ಎಂದ. "ಗಿರಾಕಿ ಬಂದು ಬಿಗಿಯಾಗ್ತಿದೆ ಅಂದ್ರೂ ಹಾಕ್ಕೊಂಡು ಹೋಗು ಅಂದ್ರೆ, ಅದು ಬೇರೆ. ಹೋಗಿ ಹೇಳು."

"ಕೆಲಸ ಹೋದ್ರೆ?"

"ಹೋದ್ರೆ ಹೋಗತ್ತೆ" ಎಂದ. ಆದರೆ ಹೇಳುವಾಗ ಅವಳ ಮುಖ ನೋಡಲಿಲ್ಲ.

ಮ್ಯಾನೇಜರು ಬಾಗಿಲು ಹಾಕಿಸಿ ಕೇಳಿಸಿಕೊಂಡರು. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು.

"ಇನ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ."

"ಅಕ್ಕ, ಸಮಾಧಾನವಾಗಿ ಕೇಳಿ. ಈಗ ಇದನ್ನ ಎತ್ತಿದ್ರೆ ಒಬ್ಬರದಲ್ಲ, ನಲವತ್ತಾರು ಜನರದ್ದೂ ಎತ್ತಬೇಕು. ಬಾಟಲಿ ತಗೊಳ್ಳೋರು ಇನ್ನೇನೇನು ತಪ್ಪಿದೆ ಅಂತ ಎಲ್ಲ ಕೆದಕ್ತಾರೆ. ದೀಪದಣ್ಣ ಒಪ್ಪಿಗೆ ಒತ್ತಿದ್ದಾರೆ. ದಿನಾಂಕ ಇದೆ, ಗಂಟೆ ಇದೆ. ಮೂವತ್ತು ವರ್ಷ ಮಾಡಿದ ಮನುಷ್ಯನಿಗೆ ತನ್ನ ಕೆಲಸ ಏನು ಅಂತ ಒಂದು ಆ್ಯಪ್ ಹೇಳಬೇಕಿತ್ತಾ?"

"ಅದನ್ನೇ ಕೇಳೋಕೆ ಬಂದಿದ್ರು ಸಾರ್. ನಾನು ಹೇಳಲಿಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ಬೇಡ ಅನ್ನಲ್ಲ. ಹೇಳಿ ಅಂತಾನೂ ಅನ್ನಲ್ಲ. ನನ್ನ ಹತ್ರ ಬಂದಿದ್ರಿ ಅಂತ ಮಾತ್ರ ಅಲ್ಲಿ ಹೇಳ್ಬೇಡಿ."

ವಿಚಾರಣೆ ಗುರುವಾರ ಬೆಳಿಗ್ಗೆ ಹತ್ತಕ್ಕೆ, ಮೇಲಿನ ಮಹಡಿಯ ಸಭೆಯ ಕೋಣೆಯಲ್ಲಿ. ಮೇಜಿನ ಆ ಕಡೆ ಮೂವರು: ಮ್ಯಾನೇಜರು, ಗುಣಮಟ್ಟದ ಮುಖ್ಯಸ್ಥೆ, ಮತ್ತು ಮುಖ್ಯ ಕಚೇರಿಯಿಂದ ಬಂದ ಒಬ್ಬ ವಕೀಲರು. ಈ ಕಡೆ ದೀಪದಣ್ಣ ಒಬ್ಬನೇ, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಮೂಲೆಯಲ್ಲಿ ನಡಾವಳಿ ಬರೆಯಲು ಪಟ್ಟಿಯಕ್ಕ. ಮೇಜಿನ ಮೇಲೆ ಕುತ್ತಿಗೆ ಬಿರುಕು ಬಿಟ್ಟ ಐದು ಬಾಟಲಿ, ಪಕ್ಕದಲ್ಲಿ ಪಟ್ಟಿ ಸುತ್ತಿದ ಒಂದು ಕೈಯ ಫೋಟೋ.

ವಕೀಲರು ಮೊದಲ ಪ್ರಶ್ನೆ ಕೇಳುವ ಮುಂಚೆಯೇ ಅವಳು ಎದ್ದು ನಿಂತಳು. "ನಾನು ಒಂದು ಮಾತು ಹೇಳಬೇಕು" ಎಂದು ಶುರುಮಾಡಿ, ಖಾಲಿ ಕಾಲಮ್ಮು, ಮೇಲೆಕೆಳಗಾದ ಸಂಖ್ಯೆ, ನಲವತ್ತಾರು ಜನ, ಅವನು ಬಂದು ಕೇಳಿದ್ದು, ತಾನು ತಲೆ ಎತ್ತದೆ ಒತ್ತಿಬಿಡಿ ಎಂದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಮ್ಯಾನೇಜರು ಕಿಟಕಿಯ ಕಡೆ ನೋಡುತ್ತಿದ್ದರು.

ದೀಪದಣ್ಣ ಮೂಲ ಹಾಳೆಯನ್ನು ಹತ್ತಿರಕ್ಕೆಳೆದುಕೊಂಡು ತನ್ನ ಸಾಲನ್ನು ಓದಿದ. ನಿಧಾನವಾಗಿ, ಬೆರಳಿಟ್ಟು. ಓದಿ ಮುಗಿಸಿದ ಮೇಲೂ ಬೆರಳು ಅಲ್ಲೇ ಇತ್ತು.

"ನಿಮ್ಮನ್ನ ಈ ಗುರಿ ದಾರಿ ತಪ್ಪಿಸ್ತು ಅಂತ ಹೇಳ್ತೀರಾ?" ಎಂದು ಕೇಳಿದರು ವಕೀಲರು. ಹೌದು ಎಂದರೆ ಸಾಕಿತ್ತೋ ಏನೋ. ಪಟ್ಟಿಯಕ್ಕ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು, ಹೌದು ಅನ್ನಿ ಅಣ್ಣ, ಹೌದು ಅಂದುಬಿಡಿ.

"ಮೊದಲ ಮೂರು ತಿಂಗಳು ನಾನು ಯಾವತ್ತಿನ ಹಾಗೇ ಮಾಡ್ದೆ" ಎಂದ ದೀಪದಣ್ಣ. "ತಿಂಗಳು ತಿಂಗಳು ಕೆಂಪು ಬಂತು. ಇನ್ನು ಮೂರು ತಿಂಗಳು ಬಂದ್ರೆ ಆ ಪಟ್ಟಿಗೆ ಹೋಗ್ತೀಯ ಅಂತ ಸೂಪರ್‌ವೈಸರ್ ಹೇಳಿದ್ರು. ನನ್ನ ಜಾಗಕ್ಕೆ ಕ್ಯಾಮೆರಾ ಹಾಕ್ತಾರೆ ಅನ್ನೋ ಮಾತು ಬೇರೆ. ಹೆದರಿಕೆ ಆಯ್ತು. ಆದ್ರೆ ಬಿರುಕು ಕಂಡ ಮೇಲೆ ಬಿಡೋಕೆ ಕೈ ಬರ್ಲಿಲ್ಲ. ಎಷ್ಟು ಪ್ರಯತ್ನ ಮಾಡಿದ್ರೂ ಕೈ ತಾನಾಗೇ ಎತ್ತಿ ಡಬ್ಬಕ್ಕೆ ಹಾಕ್ತಿತ್ತು. ಅದಕ್ಕೇ ಕಣ್ಣು ಮುಚ್ಚೋಕೆ ಶುರು ಮಾಡ್ದೆ."

"ಅಂದ್ರೆ?"

"ಒಂದು ಬಾಟಲಿ ಬಿಟ್ಟು ಒಂದು ಬಾಟಲಿ ಬರುವಾಗ ಕಣ್ಣು ಮುಚ್ತಿದ್ದೆ. ಅದು ದಾಟಿದ ಮೇಲೆ ತೆಗೀತಿದ್ದೆ. ಮಿಕ್ಕಿದ್ದೆಲ್ಲ ಸರಿಯಾಗೇ ನೋಡ್ತಿದ್ದೆ. ರಿಜೆಕ್ಟ್ ಅರ್ಧಕ್ಕೆ ಬಂತು. ನೋಡಿದ್ದನ್ನ ಬಿಟ್ಟಿಲ್ಲ ಅಂತ ನನಗೆ ನಾನೇ ಹೇಳ್ಕೋತಿದ್ದೆ."

ಗುಣಮಟ್ಟದ ಮುಖ್ಯಸ್ಥೆ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು.

"ಈ ತಂಗಿ ಹಾಳೆ ತಪ್ಪಿದ್ದು ನಿಜ ಇರಬಹುದು" ಎಂದ ಅವನು. "ಆದ್ರೆ ಹಾಳೆಗೆ ಕಣ್ಣಿಲ್ಲ. ನನಗಿತ್ತು. ಮುಚ್ಚಿದವನು ನಾನು."

ಪಟ್ಟಿಯಕ್ಕ ನಡಾವಳಿಯಲ್ಲಿ ಅದನ್ನೂ ಬರೆಯಬೇಕಾಯಿತು. ಬರೆದಳು.

ತೀರ್ಪು ಒಂದು ವಾರದಲ್ಲಿ ಬಂತು. ನೌಕರನು ತಪ್ಪೊಪ್ಪಿಕೊಂಡಿರುವುದರಿಂದ ಅವನಿಗೆ ಸ್ವಯಂ ನಿವೃತ್ತಿಯ ಅವಕಾಶ ಕೊಡಲಾಗಿದೆ. ಮಾಹಿತಿ ಏರಿಸುವಲ್ಲಿ ಆದ ಲೋಪಕ್ಕೂ ಘಟನೆಗೂ ನೇರ ಸಂಬಂಧ ಕಂಡುಬಂದಿಲ್ಲ. ಸಂಬಂಧಪಟ್ಟ ಸಿಬ್ಬಂದಿಗೆ ಲಿಖಿತ ಎಚ್ಚರಿಕೆ. ಆ ಎಚ್ಚರಿಕೆಯ ಪತ್ರವನ್ನು ಪಟ್ಟಿಯಕ್ಕನೇ ಟೈಪು ಮಾಡಿ, ತಾನೇ ಸಹಿ ಹಾಕಿ, ತನ್ನ ಕಡತದಲ್ಲಿ ತಾನೇ ಸೇರಿಸಿದಳು. ಅವಳ ಕೆಲಸ ಉಳಿಯಿತು. ಉಳಿದದ್ದಕ್ಕೆ ಗಂಡ ನಿಟ್ಟುಸಿರು ಬಿಟ್ಟ. ಅವಳೂ ಬಿಟ್ಟಳು, ಮತ್ತು ಹಾಗೆ ಬಿಟ್ಟದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮಿಕ್ಕವರ ಗುರಿಗಳನ್ನು ಸದ್ದಿಲ್ಲದೆ ಸರಿಪಡಿಸಲು ಹೇಳಿದರು. ಮತ್ತೆ ಹಾಳೆ, ಮತ್ತೆ ಏರಿಸುವುದು. ಈ ಸಲ ಬಾಟಲಿ ವಿಭಾಗದಲ್ಲಿ ನಲವತ್ತೈದು ಜನ. ಅವಳು ಒಟ್ಟಿಗೆ ಏರಿಸಲಿಲ್ಲ. ಒಬ್ಬೊಬ್ಬರ ಪುಟವನ್ನೂ ಕೈಯಲ್ಲೇ ತುಂಬಿ, ಪ್ರಿಂಟು ತೆಗೆದು, ಅವರವರು ನಿಂತಲ್ಲಿಗೇ ಹೋಗಿ ಓದಿಹೇಳಿದಳು. ಹನ್ನೊಂದು ದಿನ ಹಿಡಿಯಿತು. ಜನ ತಲೆಯಾಡಿಸಿದರು. ಬೆಲ್ಟಿನ ಸದ್ದಿನಲ್ಲಿ ಅರ್ಧ ಮಾತು ಕೇಳುತ್ತಲೂ ಇರಲಿಲ್ಲ. ಅಚ್ಚಿನ ಮೇಸ್ತ್ರಿ ಮಾತ್ರ ಈ ಸಲ ನಗದೆ, ತನ್ನ ಪುಟವನ್ನು ಮೇಲಿಂದ ಕೆಳಗೆ ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡ. "ಇದನ್ನ ಅವತ್ತು ನಾನೊಂದು ಮಾತು ಹೇಳಿದ್ದಿದ್ರೆ ಅಕ್ಕ..." ಎಂದು ಅಚ್ಚಿನ ಕಡೆ ತಿರುಗಿಕೊಂಡ.

ದೀಪದಣ್ಣನ ಮನೆಗೆ ಹೋಗಲು ಅವಳಿಗೆ ಎರಡು ತಿಂಗಳು ಬೇಕಾಯಿತು. ಒಂದು ಭಾನುವಾರ ಮಧ್ಯಾಹ್ನ ಹೋದಳು. ಉದ್ದನೆಯ ಬೀದಿ, ಒಂದಕ್ಕೊಂದು ಅಂಟಿಕೊಂಡ ಮನೆಗಳು, ಮೂರನೆಯ ಮಹಡಿ. ಬಾಗಿಲು ತೆಗೆದವರು ಅವನ ಹೆಂಡತಿ. ತಾನು ಯಾರು ಎಂದು ಹೇಳಿಕೊಂಡಾಗ ಆಕೆಯ ಮುಖ ಬಿಗಿಯಿತು, ಆದರೂ "ಬನ್ನಿ" ಎಂದು ದಾರಿ ಬಿಟ್ಟರು.

ಅವನು ಕಿಟಕಿಯ ಪಕ್ಕ ಕೂತಿದ್ದ. ಗಡ್ಡ ಬಿಟ್ಟಿದ್ದ, ಪೂರ್ತಿ ಬಿಳಿ. "ಕೂತ್ಕೋ ತಂಗಿ" ಎಂದ. ಹೆಂಡತಿ ನೀರು ತಂದಿಟ್ಟರು. ಸ್ಟೀಲಿನ ಲೋಟ. ಆ ಮನೆಯಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಗಾಜಿನದೆಂದು ಒಂದು ವಸ್ತುವೂ ಇರಲಿಲ್ಲ.

"ಮುಂಚೆ ಇತ್ತು" ಎಂದರು ಹೆಂಡತಿ, ಅವಳು ನೋಡುತ್ತಿದ್ದದ್ದನ್ನು ಕಂಡು. "ಎಲ್ಲ ಕೊಟ್ಟುಬಿಡು ಅಂದ್ರು. ಕೊಟ್ಟೆ."

ಪಟ್ಟಿಯಕ್ಕ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲೋ ಹೋದವು. "ಅಣ್ಣ, ನನ್ನ ಕ್ಷಮಿಸಿ ಅಂತ ಕೇಳೋಕೆ..." ಎಂದಳು.

"ಕೇಳ್ಬೇಡ" ಎಂದ ಅವನು. ಸಿಟ್ಟಿರಲಿಲ್ಲ ಧ್ವನಿಯಲ್ಲಿ. "ಕ್ಷಮೆ ಕೊಟ್ರೆ ನಿನಗೆ ಹಗುರ ಆಗತ್ತೆ. ನನಗೆ ಆಗಲ್ಲ. ಆಮೇಲೆ ನಾನೊಬ್ಬನೇ ಹೊತ್ಕೊಂಡು ಕೂತಿರಬೇಕು."

ಕೆಳಗೆ ಯಾರದೋ ಮನೆಯಲ್ಲಿ ಕುಕ್ಕರು ಕೂಗಿತು.

"ಆ ಹುಡುಗೀನ ನೋಡೋಕೆ ಹೋಗಿದ್ದೆ" ಎಂದ ಅವನು.

"ಯಾರನ್ನ?"

"ನರ್ಸ್ ಹುಡುಗಿ. ಆಸ್ಪತ್ರೆ ಹುಡುಕ್ಕೊಂಡು ಹೋದೆ. ಈಗ ಅವಳಿಗೆ ಚೀಟಿ ಬರೆಯೋ ಕೆಲಸ ಕೊಟ್ಟಿದ್ದಾರೆ, ಎಡಗೈಲಿ ಬರೀತಾಳೆ. ನಾನು ಬಾಟಲಿ ಕಾರ್ಖಾನೆಯವನಮ್ಮ, ಆ ಬಾಟಲಿ ನಾನು ನೋಡ್ಬೇಕಿತ್ತು, ನೋಡ್ಲಿಲ್ಲ ಅಂದೆ. ಬೈತಾಳೆ ಅಂದ್ಕೊಂಡಿದ್ದೆ. ಬೈಲಿ ಅಂತಾನೇ ಹೋಗಿದ್ದೆ." ಅವನು ಕಿಟಕಿಯ ಹೊರಗೆ ನೋಡಿದ. "ಅವಳು, ಹೋಗ್ಲಿ ಬಿಡಿ ತಾತ, ಬಾಟಲಿ ಅಂದ್ಮೇಲೆ ಒಡೆಯತ್ತೆ ಅಂದ್ಲು."

"ಒಳ್ಳೆ ಹುಡುಗಿ" ಎಂದಳು ಪಟ್ಟಿಯಕ್ಕ.

"ಒಡೀತಿರ್ಲಿಲ್ಲ ತಂಗಿ" ಎಂದ ಅವನು, ಮೊದಲ ಸಲ ಧ್ವನಿ ಏರಿಸಿ. "ಮೂವತ್ತೊಂದು ವರ್ಷ ಒಡೀತಿರ್ಲಿಲ್ಲ. ಅದು ಅವಳಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಒಡೆಯದೇ ಇದ್ದ ಬಾಟಲೀನ ಯಾರು ನೆನಪಿಟ್ಕೋತಾರೆ?"

ಹೆಂಡತಿ ಬಂದು ಅವನ ಪಕ್ಕದಲ್ಲಿ ನಿಂತರು. ಹೊರಡುವ ಹೊತ್ತಾಯಿತು ಎಂದು ಪಟ್ಟಿಯಕ್ಕನಿಗೆ ಅರ್ಥವಾಯಿತು. ನೀರು ಕುಡಿದು ಲೋಟ ಕೆಳಗಿಟ್ಟು ಎದ್ದಳು. ಅವನು "ಹುಷಾರಾಗಿ ಹೋಗು, ಮೆಟ್ಟಿಲು ಕಡಿದಾಗಿದೆ" ಎಂದ.

ಹೆಂಡತಿ ಅವಳ ಹಿಂದೆಯೇ ಬಾಗಿಲು ದಾಟಿ ಹೊರಬಂದು ಬಾಗಿಲನ್ನು ಮೆಲ್ಲಗೆ ಮುಂದೆ ಎಳೆದುಕೊಂಡರು.

"ನೀವು ಬಂದಿದ್ದಕ್ಕೆ ನನಗೆ ಬೇಜಾರಿಲ್ಲ" ಎಂದರು ತಗ್ಗಿದ ದನಿಯಲ್ಲಿ. "ಎಲ್ಲರ ಮುಂದೆ ಎದ್ದು ನಿಂತು ಹೇಳಿದ್ರಂತೆ, ಇವರೇ ಹೇಳಿದ್ರು. ಅಷ್ಟು ಯಾರು ಹೇಳ್ತಾರೆ. ಆದ್ರೆ ಇನ್ನು ಬರ್ಬೇಡಿ. ಇವತ್ತು ಇವರು ಊಟ ಮಾಡಲ್ಲ. ನಾಳೇನೂ ಮಾಡಲ್ಲ. ಕಾರ್ಖಾನೆಯವರು ಯಾರು ಬಂದ್ರೂ ಹೀಗೇ."

"ಆಯ್ತಮ್ಮ" ಎಂದಳು ಪಟ್ಟಿಯಕ್ಕ.

ಬೀದಿಗೆ ಇಳಿದು ಬಸ್‌ಸ್ಟಾಪಿನಲ್ಲಿ ನಿಂತಳು. ಕಾರ್ಖಾನೆಯಿಂದ ಅವಳ ಮನೆಗೆ ಹೋಗುವ ಬಸ್ಸೇ ಅಲ್ಲಿಗೂ ಬರುತ್ತಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಮೊದಲ ಬಸ್ಸು ತುಂಬಿಕೊಂಡು ಬಂತು, ಹತ್ತಲಿಲ್ಲ. ಎರಡನೆಯದು ಖಾಲಿಯಾಗೇ ಬಂತು, ಅದನ್ನೂ ಹತ್ತಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು "ಯಾವ ಬಸ್ಸಮ್ಮ ನಿಮಗೆ?" ಎಂದು ಕೇಳಿದಾಗ, ಇಪ್ಪತ್ತೆರಡು ವರ್ಷ ಅದೇ ಬಸ್ಸಿನಲ್ಲಿ ಓಡಾಡಿದವಳಿಗೆ ಅದರ ನಂಬರು ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.